ಗುದ್ದಾಡುವ ಐಡಲ್, ಗಟ್ಟಿ ಬ್ರೇಕ್, ಸತ್ತ ಪಿಕಪ್: ಹಳೇ ವಿ-8ರಲ್ಲಿ ತಪ್ಪು ಕ್ಯಾಮ್‌ಶಾಫ್ಟ್ ಪತ್ತೆ ಮಾಡುವ ಬಗೆ

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಗುದ್ದಾಡುತ್ತದೆ. ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದ ಕೂಡಲೇ ಆಫ್ ಆಗುತ್ತದೆ. ಆಫ್ ಆಗದಿರಲಿ ಅಂತ ಐಡಲ್ ಏರಿಸಿದರೆ, ಗೇರ್ ಬೀಳುವಾಗ ಕಾರು ಧಡ್ ಅಂತ ಮುಂದಕ್ಕೆ ಜಗ್ಗುತ್ತದೆ. ಬ್ರೇಕ್ ಪೆಡಲ್ ಗಟ್ಟಿ. ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತದೆ. 2,500 ಆರ್‌ಪಿಎಂವರೆಗೆ ಪಿಕಪ್ಪೇ ಇಲ್ಲ, ಅಲ್ಲಿಂದ ಮೇಲೆ ಮಾತ್ರ ಜೀವ ಬಂದು ಓಡುತ್ತದೆ.

1960, 70ರ ದಶಕದ ಅಮೆರಿಕನ್ ಮಸಲ್ ಕಾರುಗಳಲ್ಲಿ ಈ ಲಕ್ಷಣಗಳು ಒಟ್ಟಿಗೆ ಕಂಡರೆ ಬಹಳ ಜನ ಮೊದಲು ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಇನ್ನು ಕೆಲವರು ಸೀದಾ ಕ್ಯಾಮ್ (ಕ್ಯಾಮ್‌ಶಾಫ್ಟ್, ಅಂದರೆ ಲೋಬ್ ಅನ್ನುವ ಉಬ್ಬುಗಳಿಂದ ವಾಲ್ವ್ ತೆರೆಸುವ ದಂಡ) ಬದಲಿಸಲು ಹೊರಡುತ್ತಾರೆ. ಎರಡೂ ಬೇಡ. ಕ್ಯಾಮ್ ದೊಡ್ಡದಾಯಿತು, ಅಂದರೆ ವಾಲ್ವನ್ನು ಅತಿ ಹೆಚ್ಚು ಹೊತ್ತು ತೆರೆದಿಡುತ್ತಿದೆ ಅನ್ನುವುದನ್ನು ಮೊದಲು ಅಳತೆಯಿಂದ ಸಾಬೀತು ಮಾಡಿ. ಇದೇ ಲಕ್ಷಣಗಳನ್ನು ತೋರಿಸುವ ಬೇರೆ ದೋಷಗಳು ಕನಿಷ್ಠ ಐದಾರು ಇವೆ, ಅವುಗಳಲ್ಲಿ ಹೆಚ್ಚಿನವನ್ನು ಎಂಜಿನ್ ಬಿಚ್ಚದೆ ಸರಿ ಮಾಡಬಹುದು. ಇನ್ನೊಂದು ಲಾಭವೂ ಇದೆ. ಕೊನೆಗೆ ಕ್ಯಾಮೇ ತಪ್ಪು ಅಂತ ಆದರೂ, ಹೊಸದನ್ನು ಆರಿಸಲು ಬೇಕಾಗುವ ಅಂಕಿಗಳೆಲ್ಲ ಈ ಪರೀಕ್ಷೆಗಳಲ್ಲೇ ಸಿಕ್ಕಿರುತ್ತವೆ.

ಉದಾಹರಣೆಗೆ ಒಂದು ನಿಜವಾದ ಕಾರನ್ನೇ ಇಟ್ಟುಕೊಳ್ಳೋಣ. ಡೆಟ್ರಾಯಿಟ್ ಕಡೆ ಇರುವ ಕನ್ನಡದ ಗೆಳೆಯರೊಬ್ಬರ 1972ರ ಶೆವೆಲ್. ಒಳಗೆ ಶೆವ್ರೊಲೆಯ 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ಎಂಜಿನ್. ಕಾರ್ಖಾನೆಯಿಂದ ಬಂದಾಗ ಎರಡು ಬ್ಯಾರೆಲ್ ಕಾರ್ಬ್ಯುರೇಟರ್, 8.5:1 ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ), 165 ನೆಟ್ ಹಾರ್ಸ್‌ಪವರ್. ಟರ್ಬೊ 350 ಆಟೊಮ್ಯಾಟಿಕ್, ಹಿಂದೆ 3.08 ಗೇರ್. ಹಿಂದಿನ ಮಾಲೀಕರು ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಕೂರಿಸಿ ಕ್ಯಾಮ್ ಬದಲಿಸಿದ್ದರು. ಯಾವ ಕ್ಯಾಮ್ ಅಂತ ಒಂದು ಚೀಟಿಯೂ ಇರಲಿಲ್ಲ. ಹಳೇ ಕಾರು ಕೊಂಡವರಿಗೆ ಇದು ಮಾಮೂಲಿ ಪಾಡು, ಅಲ್ವಾ?

ಒಳಗೆ ಏನಾಗುತ್ತದೆ

ಕ್ಯಾಮ್‌ನ ಜೊತೆ ಬರುವ ಕಾರ್ಡಿನಲ್ಲಿ ಅಂಕಿಗಳು ತುಂಬಿರುತ್ತವೆ. ರಸ್ತೆ ಮೇಲೆ ಓಡುವ ಕಾರಿಗೆ ಅದರಲ್ಲಿ ಎರಡು ವಿಷಯ ಮುಖ್ಯ.

ಮೊದಲನೆಯದು ಓವರ್‌ಲ್ಯಾಪ್. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇಂಟೇಕ್ ವಾಲ್ವ್ ತೆರೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ಹೆಚ್ಚು ಆರ್‌ಪಿಎಂನಲ್ಲಿ ಇದು ಒಳ್ಳೆಯದು. ಐಡಲ್‌ನಲ್ಲಿ ಮಾತ್ರ ಸುಟ್ಟ ಹೊಗೆ ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಕಡೆಗೆ ವಾಪಸ್ ನುಗ್ಗಿ ಹೊಸ ಗಾಳಿಯನ್ನು ಕೆಡಿಸುತ್ತದೆ, ಅಲ್ಲಿನ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಸೆಳೆತ) ಬೀಳುತ್ತದೆ, ಎಂಜಿನ್ ಗುದ್ದಾಡುತ್ತದೆ. ಲೆಕ್ಕ ಸುಲಭ: ಇಂಟೇಕ್ ಮತ್ತು ಎಕ್ಸಾಸ್ಟ್ ಡ್ಯುರೇಷನ್ (ವಾಲ್ವ್ ತೆರೆದಿರುವಷ್ಟು ಹೊತ್ತು ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ತಿರುಗುವ ಡಿಗ್ರಿ) ಕೂಡಿಸಿ 4ರಿಂದ ಭಾಗಿಸಿ, ಅದರಿಂದ ಲೋಬ್ ಸೆಪರೇಷನ್ (ಇಂಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ನೆತ್ತಿಗಳ ನಡುವಿನ ಕೋನ) ಕಳೆದು, 2ರಿಂದ ಗುಣಿಸಿ. ಎರಡೂ ಕಡೆ 268 ಡಿಗ್ರಿ ಇದ್ದು ಸೆಪರೇಷನ್ 110 ಆದರೆ ಓವರ್‌ಲ್ಯಾಪ್ 48 ಡಿಗ್ರಿ. 292 ಆದರೆ 72.

ಎರಡನೆಯದು ಇಂಟೇಕ್ ವಾಲ್ವ್ ಮುಚ್ಚುವ ಹೊತ್ತು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು, ಆದರೆ ಜನ ಇದನ್ನೇ ನೋಡುವುದಿಲ್ಲ. ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಹೊರಟ ಮೇಲೂ ಇಂಟೇಕ್ ವಾಲ್ವ್ ತೆರೆದೇ ಇರುತ್ತದೆ. ಅದು ಮುಚ್ಚುವವರೆಗೆ ಒತ್ತಡ ಕಟ್ಟುವುದೇ ಇಲ್ಲ. ಸೈಕಲ್ ಪಂಪಿನ ಹಿಡಿಯನ್ನು ಸ್ವಲ್ಪ ದೂರ ಒತ್ತಿದ ಮೇಲೆ ತೂತಿಗೆ ಬೆರಳು ಇಟ್ಟ ಹಾಗೆ. 350 ಎಂಜಿನ್‌ನ ಸ್ಟ್ರೋಕ್ 3.48 ಇಂಚು. 268 ಡಿಗ್ರಿ ಕ್ಯಾಮನ್ನು 106ರ ಸೆಂಟರ್‌ಲೈನ್‌ನಲ್ಲಿ (ಪಿಸ್ಟನ್ ಮೇಲಿನ ತುದಿ ಬಿಟ್ಟು 106 ಡಿಗ್ರಿಗೆ ಇಂಟೇಕ್ ಪೂರ್ತಿ ತೆರೆಯುವಂತೆ) ಕೂರಿಸಿದರೆ, ಪಿಸ್ಟನ್ ಕೆಳಗಿನ ತುದಿ ಬಿಟ್ಟು ಕ್ರ್ಯಾಂಕ್ 60 ಡಿಗ್ರಿ ತಿರುಗಿದಾಗ ವಾಲ್ವ್ ಮುಚ್ಚುತ್ತದೆ, ಒತ್ತಲು ಸುಮಾರು 2.81 ಇಂಚು ಉಳಿದಿರುತ್ತದೆ. 292 ಡಿಗ್ರಿಯದು 72ರಲ್ಲಿ ಮುಚ್ಚುತ್ತದೆ, ಉಳಿಯುವುದು 2.52 ಇಂಚು. ಹಾಗಾಗಿ ಕಾಗದದ ಮೇಲೆ 8.5:1 ಇರುವ ಎಂಜಿನ್ ನಿಜವಾಗಿ ಒತ್ತುವುದು ಮೊದಲ ಕ್ಯಾಮ್‌ನಲ್ಲಿ 7:1, ಎರಡನೆಯದರಲ್ಲಿ ಬರೀ 6.4:1. ಕೆಳಗಿನ ಆರ್‌ಪಿಎಂನ ಪಿಕಪ್ ಹೋಗುವುದು ಇಲ್ಲೇ. ಅದೇ 292 ಕ್ಯಾಮನ್ನು 10:1 ಎಂಜಿನ್‌ಗೆ ಹಾಕಿದರೆ 7.5:1 ಸಿಗುತ್ತದೆ. ಕ್ಯಾಮ್ ಕೆಟ್ಟದ್ದಲ್ಲ, ಜೋಡಿ ತಪ್ಪು.

1971ರಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್‌ಗಳ ಕಂಪ್ರೆಷನ್ ಇಳಿಸಿತು, ಕಡಿಮೆ ಆಕ್ಟೇನ್ ಪೆಟ್ರೋಲಿಗೆ ಹೊಂದಿಕೊಳ್ಳಲಿ ಅಂತ. ಆದ್ದರಿಂದ ನಿಮ್ಮ ಕಾರು 1970ರದ್ದೋ 1972ರದ್ದೋ ಅನ್ನುವುದರ ಮೇಲೆ ಕ್ಯಾಮ್ ಆಯ್ಕೆ ಪೂರ್ತಿ ಬದಲಾಗಬಹುದು. ಹೊರಗಿನಿಂದ ನೋಡಿದರೆ ಬ್ಲಾಕ್ ಒಂದೇ ಥರ ಕಾಣುತ್ತದೆ, ಸುಮ್ನೆ ಯಾರದ್ದೋ ಕಾರಿನ ಕ್ಯಾಮ್ ನಂಬರ್ ಕೇಳಿ ತರಿಸಬೇಡಿ.

ಮೊದಲು ವ್ಯಾಕ್ಯೂಮ್ ಗೇಜ್

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಗೇಜನ್ನು ಮ್ಯಾನಿಫೋಲ್ಡ್‌ಗೇ ಜೋಡಿಸಿ. ಕಾರ್ಬ್ಯುರೇಟರ್‌ನಲ್ಲಿ ಥ್ರಾಟಲ್ ಪ್ಲೇಟಿನ ಮೇಲಿರುವ ತೂತಿಗೆ ಜೋಡಿಸಿದರೆ ತಪ್ಪು ಅಂಕಿ ಬರುತ್ತದೆ. ಪಾರ್ಕ್‌ನಲ್ಲಿ ಒಮ್ಮೆ, ಡ್ರೈವ್‌ನಲ್ಲಿ ಒಮ್ಮೆ ಓದಿ. ಡ್ರೈವ್‌ನಲ್ಲಿ ಓದುವಾಗ ಚಕ್ರಕ್ಕೆ ಅಡ್ಡ ಕಟ್ಟೆ ಇಟ್ಟು, ಬ್ರೇಕ್ ಮೇಲೆ ಇನ್ನೊಬ್ಬರನ್ನು ಕೂರಿಸಿ, ಕಾರಿನ ಮುಂದೆ ಯಾರೂ ನಿಲ್ಲಬೇಡಿ.

ಕಾರ್ಖಾನೆಯ ಕ್ಯಾಮ್ ಇರುವ ಆರೋಗ್ಯವಂತ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಎತ್ತರದ ಊರಿನಲ್ಲಿ ಪ್ರತಿ 1,000 ಅಡಿಗೆ ಸುಮಾರು 1 ಇಂಚು ಕಳೆಯಿರಿ. ಡೆನ್ವರ್‌ನಲ್ಲಿ 5 ಇಂಚು ಕಡಿಮೆ ಬಂದರೆ ಅದು ದೋಷವಲ್ಲ. ಬೆಂಗಳೂರು ಕೂಡ ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ಲಿ ಹಳೇ ಅಮೆರಿಕನ್ ಕಾರು ಇಟ್ಟುಕೊಂಡವರು 3 ಇಂಚು ಲೆಕ್ಕಕ್ಕೆ ಹಿಡಿಯಿರಿ.

ಅಂಕಿಯಷ್ಟೇ ಅಲ್ಲ, ಮುಳ್ಳು ಹೇಗೆ ಆಡುತ್ತದೆ ಅಂತಲೂ ನೋಡಿ. ಕಡಿಮೆ ಅಂಕಿಯಲ್ಲಿ ಅಲುಗಾಡದೆ ನಿಂತಿದ್ದರೆ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದೆ ಬಿದ್ದಿದೆ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಲಯಬದ್ಧವಾಗಿ ಕೆಳಕ್ಕೆ ಹೊಡೆದು ವಾಪಸ್ ಬರುತ್ತಿದ್ದರೆ ಯಾವುದೋ ಒಂದು ಸಿಲಿಂಡರ್‌ನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ದೊಡ್ಡ ಕ್ಯಾಮ್‌ನ ಗುರುತು ಬೇರೆ: ಐಡಲ್‌ನಲ್ಲಿ ಮುಳ್ಳು ನಡುಗುತ್ತದೆ, ಆರ್‌ಪಿಎಂ ಏರಿಸುತ್ತಿದ್ದಂತೆ ನಡುಕ ನಿಂತು ವ್ಯಾಕ್ಯೂಮ್ ಚೆನ್ನಾಗಿ ಮೇಲೇರುತ್ತದೆ. ಶೆವೆಲ್‌ನಲ್ಲಿ ಪಾರ್ಕ್‌ನಲ್ಲಿ 11, ಡ್ರೈವ್‌ನಲ್ಲಿ 8 ಇಂಚು. ಇದೇ ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ 16–18 ಇಂಚು ಸಿಕ್ಕರೆ ನೆಮ್ಮದಿ, 8ರಲ್ಲಿ ಅದು ಇದ್ದೂ ಇಲ್ಲದ ಹಾಗೆ. ಬ್ರೇಕ್ ಗಟ್ಟಿಯಾಗಿರುವ ಕಾರನ್ನು ದೋಷ ಸಿಗುವವರೆಗೆ ಟ್ರಾಫಿಕ್‌ಗೆ ಇಳಿಸಬೇಡಿ.

ಬೂಸ್ಟರ್ ಕೆಟ್ಟಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಟೈಮಿಂಗ್: ಗುರುತನ್ನೇ ನಂಬಬೇಡಿ

ಕ್ರ್ಯಾಂಕಿನ ಮುಂದಿರುವ ಬ್ಯಾಲೆನ್ಸರ್ ಎರಡು ಲೋಹದ ಭಾಗಗಳ ನಡುವೆ ರಬ್ಬರ್ ಇಟ್ಟು ಮಾಡಿದ್ದು. ಐವತ್ತು ವರ್ಷದ ರಬ್ಬರ್ ಸಡಿಲವಾಗಿ ಹೊರಗಿನ ಉಂಗುರ ಜಾರಿರುತ್ತದೆ. ಆಮೇಲೆ ಟೈಮಿಂಗ್ ಲೈಟ್ ಹಿಡಿದು ಎಷ್ಟು ನೋಡಿದರೂ ಬರುವುದು ಸುಳ್ಳು ಅಂಕಿ. ಬ್ಯಾಟರಿ ತಂತಿ ಕಳಚಿ, ಎಲ್ಲ ಪ್ಲಗ್ ತೆಗೆದು, ಒಂದನೇ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ. ಕ್ರ್ಯಾಂಕನ್ನು ಕೈಯಲ್ಲಿ ನಿಧಾನವಾಗಿ ಒಂದು ಕಡೆ ತಿರುಗಿಸಿ, ತಡೆದಲ್ಲಿ ಗುರುತು ಹಾಕಿ. ಇನ್ನೊಂದು ಕಡೆ ತಿರುಗಿಸಿ ಮತ್ತೆ ಗುರುತು ಹಾಕಿ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಾಪ್ ಡೆಡ್ ಸೆಂಟರ್, ಅಂದರೆ ಪಿಸ್ಟನ್ ಅತಿ ಮೇಲಿರುವ ಜಾಗ.

ಅದೇ ಹೊತ್ತಿಗೆ ಟೈಮಿಂಗ್ ಚೈನ್ (ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಸರಪಳಿ) ಕೂಡ ನೋಡಿಬಿಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಈಗ ಹಿಂದಕ್ಕೆ ತಿರುಗಿಸುತ್ತಾ ರೋಟರ್ ಯಾವಾಗ ಅಲುಗುತ್ತದೆ ನೋಡಿ. 8–10 ಡಿಗ್ರಿಗಿಂತ ಜಾಸ್ತಿ ತಿರುಗಿದ ಮೇಲೂ ರೋಟರ್ ಸುಮ್ಮನಿದ್ದರೆ ಚೈನ್ ಸಡಿಲ. ಕಾರ್ಖಾನೆಯ ಕ್ಯಾಮ್ ಗೇರ್‌ಗಳಲ್ಲಿ ನೈಲಾನ್ ಹಲ್ಲಿನವು ಇದ್ದವು, ವಯಸ್ಸಾದ ಮೇಲೆ ಆ ಹಲ್ಲು ಸೀಳಿ ಉದುರುತ್ತವೆ. ಸಡಿಲ ಚೈನ್ ಇದ್ದರೆ ಒಳ್ಳೆಯ ಕ್ಯಾಮ್ ಕೂಡ ತಡವಾಗಿ ಕೆಲಸ ಮಾಡುತ್ತದೆ, ಲಕ್ಷಣವೆಲ್ಲ ದೊಡ್ಡ ಕ್ಯಾಮ್‌ನದೇ.

ಇನ್ನು ಟೈಮಿಂಗ್ ಅಂಕಿ. ಆ ಕಾಲದ ಪುಸ್ತಕದಲ್ಲಿರುವ 4–8 ಡಿಗ್ರಿ ಇನಿಷಿಯಲ್ ಟೈಮಿಂಗ್ (ಐಡಲ್‌ನಲ್ಲಿ ಟಾಪ್ ಡೆಡ್ ಸೆಂಟರ್‌ಗೆ ಎಷ್ಟು ಮೊದಲು ಕಿಡಿ ಬೇಕು ಅನ್ನುವುದು) ದೊಡ್ಡ ಕ್ಯಾಮ್‌ಗೆ ಸಾಲದು. 14–16 ಕೊಟ್ಟು ನೋಡಿ, ವ್ಯಾಕ್ಯೂಮ್ ಒಂದೆರಡು ಇಂಚು ಏರಿದರೂ ಏರಬಹುದು. ಆದರೆ ಹಳೇ ಕಬ್ಬಿಣದ ಹೆಡ್ಡಿಗೆ ಒಟ್ಟು 34–36 ಮೀರಬಾರದು. ಇನಿಷಿಯಲ್ 16 ಇಟ್ಟರೆ ಡಿಸ್ಟ್ರಿಬ್ಯೂಟರ್ ಒಳಗಿನ ಮೆಕ್ಯಾನಿಕಲ್ ಅಡ್ವಾನ್ಸನ್ನು 20ಕ್ಕೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ಎಂಜಿನ್ ನಾಕ್ ಮಾಡುತ್ತದೆ. ಈ ಅಂಕಿಗಳನ್ನೆಲ್ಲ ವ್ಯಾಕ್ಯೂಮ್ ಅಡ್ವಾನ್ಸ್ (ವ್ಯಾಕ್ಯೂಮ್‌ನಿಂದ ಟೈಮಿಂಗನ್ನು ಮುಂದಕ್ಕೆ ಎಳೆಯುವ ಡಬ್ಬಿ) ಪೈಪ್ ಕಳಚಿ ತೂತು ಮುಚ್ಚಿ ಅಳೆಯಿರಿ. ಪೈಪ್ ವಾಪಸ್ ಹಾಕುವಾಗ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ಜೋಡಿಸಿದರೆ ಐಡಲ್ ಹದವಾಗುತ್ತದೆ. ಒಂದು ಷರತ್ತು: 15 ಇಂಚಿಗೆ ಪೂರ್ತಿ ಎಳೆಯುವ ಅಡ್ವಾನ್ಸ್ ಡಬ್ಬಿ 11 ಇಂಚಿನ ಎಂಜಿನ್‌ನಲ್ಲಿ ಅರ್ಧಕ್ಕೇ ತೂಗಾಡುತ್ತಾ ಐಡಲನ್ನು ಇನ್ನೂ ಕೆಡಿಸುತ್ತದೆ. ನಿಮ್ಮ ಐಡಲ್ ವ್ಯಾಕ್ಯೂಮ್‌ಗಿಂತ 2 ಇಂಚು ಕಡಿಮೆಗೇ ಪೂರ್ತಿ ಎಳೆಯುವ ಡಬ್ಬಿ ಬೇಕು.

ಸೋರಿಕೆ, ಕಾರ್ಬ್ಯುರೇಟರ್, ವಾಲ್ವ್ ಅಡ್ಜಸ್ಟ್‌ಮೆಂಟ್

ಸೋರಿಕೆ ಹುಡುಕಲು ಎಲ್ಲ ರಬ್ಬರ್ ಪೈಪ್ ಒಂದೊಂದಾಗಿ ಚಿಮಟಿ ಮುಚ್ಚಿ ನೋಡಿ. ಬೂಸ್ಟರ್, ಟ್ರಾನ್ಸ್‌ಮಿಷನ್, ಎಸಿಯ ಗಾಳಿ ಬಾಗಿಲು, ಎಲ್ಲವೂ ಇದೇ ವ್ಯಾಕ್ಯೂಮ್ ಕುಡಿಯುತ್ತವೆ. ಮೇಲಿನಿಂದ ಕಾಣದ ಸೋರಿಕೆ ಇಂಟೇಕ್ ಮ್ಯಾನಿಫೋಲ್ಡಿನ ಕೆಳಭಾಗದ್ದು, ಅದು ಲಿಫ್ಟರ್‌ಗಳು (ಲೋಬ್ ಎತ್ತಿದಾಗ ಪುಶ್‌ರಾಡ್, ರಾಕರ್ ಮೂಲಕ ವಾಲ್ವ್ ತೆರೆಸುವ ತುಂಡುಗಳು) ಇರುವ ಕಡೆಯಿಂದ ಎಣ್ಣೆ ಸಮೇತ ಗಾಳಿ ಎಳೆಯುತ್ತದೆ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಕಳಿಸುವುದು) ಕಳಚಿ ಅದರ ಪೈಪ್ ಮುಚ್ಚಿ, ಎಣ್ಣೆ ಮುಚ್ಚಳ ಮತ್ತು ಬ್ರೀದರ್ ಮುಚ್ಚಿ, ಉಳಿದ ಒಂದೇ ತೂತಿನ ಮೇಲೆ ಅಂಗೈ ಇಡಿ. ಕೈಯನ್ನು ಒಳಕ್ಕೆ ಎಳೆದರೆ ಸೋರಿಕೆ ಅಲ್ಲಿದೆ.

ಕಾರ್ಬ್ಯುರೇಟರ್‌ನಲ್ಲಿ ನೋಡಬೇಕಾದ್ದು ಒಂದು ಸಣ್ಣ ಸೀಳು. ಥ್ರಾಟಲ್ ಪ್ಲೇಟಿನ ಪಕ್ಕ, ಗೋಡೆಯಲ್ಲಿ, ಉದ್ದಕ್ಕೆ ಇರುತ್ತದೆ. ಟ್ರಾನ್ಸ್‌ಫರ್ ಸ್ಲಾಟ್ ಅನ್ನುತ್ತಾರೆ. ಐಡಲ್‌ನಲ್ಲಿ ಪ್ಲೇಟಿನ ಕೆಳಗೆ ಅದು 0.020ರಿಂದ 0.040 ಇಂಚು ಮಾತ್ರ ಕಾಣಬೇಕು. ದೊಡ್ಡ ಕ್ಯಾಮ್‌ನ ಎಂಜಿನ್ ಆಫ್ ಆಗದಿರಲಿ ಅಂತ ಐಡಲ್ ಸ್ಕ್ರೂ ತಿರುಗಿಸುತ್ತಾ ಹೋದಾಗ ಈ ಸೀಳು ಪೂರ್ತಿ ತೆರೆದುಕೊಂಡು ಅಲ್ಲಿಂದಲೇ ಪೆಟ್ರೋಲ್ ಹರಿಯುತ್ತದೆ. ಆಮೇಲೆ ಮಿಕ್ಸ್‌ಚರ್ ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್‌ಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಮಿಕ್ಸ್‌ಚರ್ ಸ್ಕ್ರೂ ಕೆಲಸ ಮಾಡುತ್ತಿಲ್ಲ ಅಂತಾದರೆ ಕಾರ್ಬ್ಯುರೇಟರ್ ಕಳಚಿ, ಐಡಲ್ ಸ್ಕ್ರೂ ಇದ್ದ ಹಾಗೇ ಇಟ್ಟು, ತಲೆಕೆಳಗೆ ಮಾಡಿ ಈ ಸೀಳು ನೋಡಿ. ಹೋಲಿ ಕಂಪನಿಯ ಕಾರ್ಬ್ಯುರೇಟರ್‌ನಲ್ಲಿ ಸೆಕೆಂಡರಿ ಪ್ಲೇಟನ್ನು ಒಂದಿಷ್ಟು ತೆರೆದು, ಪ್ರೈಮರಿಯನ್ನು ಮುಚ್ಚಿಕೊಂಡರೆ ಸರಿಹೋಗುತ್ತದೆ. ಅದೇ ಹೋಲಿಯ ಪವರ್ ವಾಲ್ವ್ (ವ್ಯಾಕ್ಯೂಮ್ ಬಿದ್ದಾಗ ಹೆಚ್ಚು ಪೆಟ್ರೋಲ್ ಕೊಡುವುದು) ಮೇಲೆ 65 ಅಂತ ಇದ್ದರೆ ಅದು 6.5 ಇಂಚಿಗೆ ತೆರೆಯುತ್ತದೆ. ಡ್ರೈವ್‌ನಲ್ಲಿ 8 ಇಂಚು ಇರುವ ಎಂಜಿನ್ ಸ್ವಲ್ಪ ಏರುಪೇರಾದರೂ ಆ ವಾಲ್ವ್ ಐಡಲ್‌ನಲ್ಲೇ ತೆರೆದುಕೊಂಡು ಪೆಟ್ರೋಲ್ ಸುರಿಯುತ್ತದೆ. ಐಡಲ್ ವ್ಯಾಕ್ಯೂಮ್‌ನ ಅರ್ಧದಷ್ಟು ನಂಬರ್ ಇರುವುದನ್ನು ಹಾಕಿ.

ಹೈಡ್ರಾಲಿಕ್ ಲಿಫ್ಟರ್‌ಗಳನ್ನು ಜಾಸ್ತಿ ಬಿಗಿ ಮಾಡಿದ್ದರೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ. ಎಕ್ಸಾಸ್ಟ್ ತೆರೆಯಲು ಶುರುವಾದಾಗ ಅದೇ ಸಿಲಿಂಡರ್‌ನ ಇಂಟೇಕ್, ಇಂಟೇಕ್ ಪೂರ್ತಿ ತೆರೆದು ಮುಚ್ಚುತ್ತಾ ಬಂದಾಗ ಎಕ್ಸಾಸ್ಟ್ ಅಡ್ಜಸ್ಟ್ ಮಾಡಿ. ಪುಶ್‌ರಾಡನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸುತ್ತಾ, ಆಟ ನಿಂತ ಮೇಲೆ ಅರ್ಧ ಸುತ್ತು. ಸಾಕು.

ತೀರ್ಪು ಕೊಡುವ ಎರಡು ಪರೀಕ್ಷೆ

ಇಷ್ಟಾದ ಮೇಲೂ ಲಕ್ಷಣ ಹಾಗೇ ಇದ್ದರೆ ಎರಡು ಪರೀಕ್ಷೆಯನ್ನು ಒಟ್ಟಿಗೆ ಮಾಡಿ.

ಒಂದು, ಮಾಮೂಲಿ ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿ, ಎಲ್ಲ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಇಗ್ನಿಷನ್ ಕಳಚಿ ಸೆಲ್ಫ್ ಹೊಡೆಯಿರಿ. ಎರಡು, ಲೀಕ್‌ಡೌನ್ ಟೆಸ್ಟ್: ಎರಡೂ ವಾಲ್ವ್ ಮುಚ್ಚಿರುವಾಗ ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಸಿಲಿಂಡರ್‌ಗೆ ಕಂಪ್ರೆಸರ್ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಅಂತ ಅಳೆಯುವುದು.

ಇವೆರಡರ ವ್ಯತ್ಯಾಸದಲ್ಲೇ ಉತ್ತರ ಇದೆ. ಕಂಪ್ರೆಷನ್ ಟೆಸ್ಟ್‌ನ ಅಂಕಿ ರಿಂಗು, ವಾಲ್ವುಗಳ ಜೊತೆಗೆ ಇಂಟೇಕ್ ಮುಚ್ಚುವ ಹೊತ್ತನ್ನೂ ಅವಲಂಬಿಸಿದೆ. ಲೀಕ್‌ಡೌನ್‌ಗೆ ಕ್ಯಾಮ್‌ನ ಹಂಗೇ ಇಲ್ಲ. ಕಂಪ್ರೆಷನ್ ಕಡಿಮೆ, ಲೀಕ್‌ಡೌನ್ ಕೆಟ್ಟದ್ದು ಅಂತಾದರೆ ಎಂಜಿನ್ ಸವೆದಿದೆ, ಕ್ಯಾಮ್ ಬದಲಿಸಿ ಪ್ರಯೋಜನವಿಲ್ಲ. ಒಂದೋ ಎರಡೋ ಸಿಲಿಂಡರ್ ಮಾತ್ರ ಬಿದ್ದಿದ್ದರೆ, ಅಂದರೆ ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿದ್ದರೆ, ಅದು ವಾಲ್ವ್ ಅಥವಾ ಗ್ಯಾಸ್ಕೆಟ್. 3 ಮತ್ತು 5ರ ಹಾಗೆ ಪಕ್ಕಪಕ್ಕದವು ಜೋಡಿಯಾಗಿ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಆದರೆ ಎಂಟೂ ಸಿಲಿಂಡರ್ ಸಮನಾಗಿ ಕಡಿಮೆ, ಲೀಕ್‌ಡೌನ್ ಚೆನ್ನಾಗಿದೆ ಅಂತಾದರೆ ವಾಲ್ವ್ ತಡವಾಗಿ ಮುಚ್ಚುತ್ತಿದೆ. ಶೆವೆಲ್‌ನಲ್ಲಿ ಎಂಟೂ 120 ಪಿಎಸ್‌ಐ ಆಸುಪಾಸು ಬಂದವು, ಲೀಕ್‌ಡೌನ್ ಎಲ್ಲದರಲ್ಲೂ 10 ಪರ್ಸೆಂಟ್ ಒಳಗೆ. ಚೈನ್ ಆಗಲೇ ನೋಡಿದ್ದಾಗಿತ್ತು, ಬಿಗಿಯಾಗಿತ್ತು. ಉಳಿದದ್ದು ಕ್ಯಾಮ್ ಒಂದೇ.

ಯಾವ ಕ್ಯಾಮ್ ಅಂತ ತಿಳಿಯಲು ಅದನ್ನು ಹೊರಗೆ ತೆಗೆಯಬೇಕಿಲ್ಲ. ಒಂದನೇ ಸಿಲಿಂಡರ್‌ನ ರಾಕರ್ ಕಳಚಿ, ಪುಶ್‌ರಾಡ್ ತುದಿಗೆ ಡಯಲ್ ಇಂಡಿಕೇಟರ್ ಹಿಡಿಸಿ, ಕ್ರ್ಯಾಂಕ್‌ಗೆ ಡಿಗ್ರಿ ವೀಲ್ ಕಟ್ಟಿ. ನಿಧಾನ ತಿರುಗಿಸುತ್ತಾ 0.050 ಇಂಚು ಏರಿದಾಗ ಒಂದು ಓದು, ಇಳಿಯುವಾಗ 0.050 ಉಳಿದಾಗ ಇನ್ನೊಂದು. ಇಲ್ಲಿ ಇಂಟೇಕ್ 16 ಡಿಗ್ರಿ ಮೊದಲೇ ತೆರೆದು, 48 ಡಿಗ್ರಿ ದಾಟಿ ಮುಚ್ಚುತ್ತಿತ್ತು. 16, 180, 48 ಕೂಡಿಸಿದರೆ 244 ಡಿಗ್ರಿ. ಗರಿಷ್ಠ ಏರಿಕೆ 0.334 ಇಂಚು, ರಾಕರ್‌ನ 1.5ರಿಂದ ಗುಣಿಸಿದರೆ ವಾಲ್ವ್ ಲಿಫ್ಟ್ 0.501. 0.050ರಲ್ಲಿ ಅಳೆದ ಡಿಗ್ರಿ ಪೂರ್ತಿ ಡ್ಯುರೇಷನ್‌ಗಿಂತ ಕಡಿಮೆಯೇ ಬರುತ್ತದೆ, ಅಂದರೆ ಇದು 292 ಡಿಗ್ರಿ ವರ್ಗದ ಕ್ಯಾಮ್. ಕಾರ್ಖಾನೆಯವರು 300 ಹಾರ್ಸ್‌ಪವರ್‌ನ 350ಗೆ ಹಾಕಿದ್ದು 0.050ರಲ್ಲಿ ಬರೀ 195/202 (ಇಂಟೇಕ್/ಎಕ್ಸಾಸ್ಟ್) ಡಿಗ್ರಿ, 0.390/0.410 ಲಿಫ್ಟ್!

ಇದೇ ವಿಧಾನದಲ್ಲಿ ಎಂಟೂ ಸಿಲಿಂಡರ್‌ನ ಲೋಬ್ ಅಳೆಯುವುದು ಒಳ್ಳೆಯದು. ಒಂದರಲ್ಲಿ ಏರಿಕೆ ಕಡಿಮೆ ಬಂದರೆ ಲೋಬ್ ಸವೆದುಹೋಗಿದೆ. ಎಕ್ಸಾಸ್ಟ್ ಲೋಬ್ ಸವೆದರೆ ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲದೆ, ಇಂಟೇಕ್ ತೆರೆದಾಗ ಕಾರ್ಬ್ಯುರೇಟರ್ ಮೂಲಕ ಪಟ್ ಪಟ್ ಅಂತ ಉಗುಳುತ್ತದೆ. ಇದನ್ನು ಟೈಮಿಂಗ್ ದೋಷ ಅಂತ ತಿಳಿದು ಡಿಸ್ಟ್ರಿಬ್ಯೂಟರ್ ತಿರುಗಿಸುತ್ತಾ ಕೂರುವವರು ಬಹಳ.

ಹೊಸದನ್ನು ಆರಿಸುವುದು

ಈಗ ಕೈಯಲ್ಲಿ ಅಂಕಿಗಳಿವೆ. 3.08 ಗೇರ್, 26 ಇಂಚಿನ ಟೈರು, ಗಂಟೆಗೆ 60 ಮೈಲಿ ವೇಗ ಅಂದರೆ ಎಂಜಿನ್ ಸುಮಾರು 2,400 ಆರ್‌ಪಿಎಂನಲ್ಲಿ ಓಡುತ್ತದೆ. ಊರೊಳಗೆ ಅದಕ್ಕಿಂತ ಕಡಿಮೆ. ಈ ಕಾರಿನ ಬದುಕೆಲ್ಲ 3,000ದ ಕೆಳಗೇ ಕಳೆಯುತ್ತದೆ. ಮೂಲ ಟಾರ್ಕ್ ಕನ್ವರ್ಟರ್ (ಎಂಜಿನ್‌ಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವಿನ ಎಣ್ಣೆಯ ಕೊಂಡಿ) 1,600ರ ಆಸುಪಾಸಿಗೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಆ ಆರ್‌ಪಿಎಂನಲ್ಲೇ ಎಂಜಿನ್‌ಗೆ ಎಳೆಯುವ ಶಕ್ತಿ ಇರಬೇಕು. 8.5:1 ಕಂಪ್ರೆಷನ್, ಪವರ್ ಬ್ರೇಕ್. ಇದಕ್ಕೆ 0.050ರಲ್ಲಿ 204/214 ಡಿಗ್ರಿ, ಲೋಬ್ ಸೆಪರೇಷನ್ 112 ಇರುವ ಕ್ಯಾಮ್ ಸರಿ. ಸ್ವಲ್ಪ ಗುಡುಗು ಬೇಕೇ ಬೇಕು ಅಂದರೆ 218 ಡಿಗ್ರಿ, ಸೆಪರೇಷನ್ 110ರವರೆಗೆ ಹೋಗಬಹುದು, ಅದಕ್ಕಿಂತ ಮೇಲೆ ಬೇಡ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ಚಿಕ್ಕದನ್ನೇ ತೆಗೆದುಕೊಳ್ಳಿ.

"ಆದರೆ ಶೆವ್ರೊಲೆಯೇ ದೊಡ್ಡ ಕ್ಯಾಮ್ ಹಾಕಿತ್ತಲ್ಲ" ಅಂತ ಕೇಳುವವರಿದ್ದಾರೆ. ಹಾಕಿತ್ತು. 1967–69ರ ಕ್ಯಾಮರೊ ಝೀ/28ರ 302 ಎಂಜಿನ್‌ನಲ್ಲಿ 0.050ರಲ್ಲಿ 254 ಡಿಗ್ರಿಯ ಕ್ಯಾಮ್ ಇತ್ತು. ಆದರೆ ಅದರ ಜೊತೆ 11:1 ಕಂಪ್ರೆಷನ್, ನಾಲ್ಕು ಗೇರಿನ ಮ್ಯಾನ್ಯುಯಲ್, 3.73 ಹಿಂದಿನ ಗೇರ್ ಇದ್ದವು. ಆಟೊಮ್ಯಾಟಿಕ್ ಆ ಕಾರಿಗೆ ಸಿಗುತ್ತಲೇ ಇರಲಿಲ್ಲ. 350 ಹಾರ್ಸ್‌ಪವರ್‌ನ 327ರಲ್ಲಿದ್ದ 222 ಡಿಗ್ರಿ ಕ್ಯಾಮ್ ನನಗೆ ತುಂಬಾ ಇಷ್ಟ. 0.447 ಲಿಫ್ಟ್, ಸೆಪರೇಷನ್ 114, ಐಡಲ್ ಚೆಂದ. ಅದಕ್ಕೂ 11:1 ಕಂಪ್ರೆಷನ್ ಕೊಟ್ಟಿದ್ದರು. ನಿಮಗೂ ಆ ಸದ್ದು, ಆ ಓಟವೇ ಬೇಕಿದ್ದರೆ ಕಂಪ್ರೆಷನ್, ಕನ್ವರ್ಟರ್, ಹಿಂದಿನ ಗೇರ್ ಮೂರನ್ನೂ ಬದಲಿಸುವ ದುಡ್ಡು ಮೊದಲೇ ತೆಗೆದಿಡಿ.

ಲಿಫ್ಟ್ 0.450 ದಾಟಿದರೆ ಕಾರ್ಖಾನೆಯ ಹೆಡ್ಡಿನಲ್ಲಿ ಅಳೆಯದೆ ಹಾಕಬೇಡಿ. ವಾಲ್ವ್ ಪೂರ್ತಿ ತೆರೆದಾಗ ರಿಟೇನರ್ (ವಾಲ್ವ್ ಸ್ಪ್ರಿಂಗಿನ ಮೇಲಿನ ತಟ್ಟೆ) ಮತ್ತು ಸೀಲ್ ನಡುವೆ ಕನಿಷ್ಠ 0.050 ಇಂಚು ಇರಬೇಕು, ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಬಾರದು.

ಕೂರಿಸುವಾಗ

ಟೈಮಿಂಗ್ ಗೇರ್‌ಗಳ ಚುಕ್ಕೆ ಎದುರುಬದುರು ಕೂತಾಗ ಸ್ಮಾಲ್ ಬ್ಲಾಕ್‌ನಲ್ಲಿ ಫೈರ್ ಆಗಲು ಸಿದ್ಧವಿರುವುದು 6ನೇ ಸಿಲಿಂಡರ್, 1ನೆಯದಲ್ಲ. ಡಿಸ್ಟ್ರಿಬ್ಯೂಟರ್ ಹಾಕುವ ಮೊದಲು ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಇಲ್ಲದಿದ್ದರೆ ಹೊಸ ಕ್ಯಾಮ್ ಮೇಲೆ ಸ್ಟಾರ್ಟ್ ಆಗದ ಎಂಜಿನನ್ನು ಸುಮ್ನೆ ಸೆಲ್ಫ್ ಹೊಡೆಯುತ್ತಾ ಲೋಬ್‌ಗೆ ಹಚ್ಚಿದ ಗ್ರೀಸೆಲ್ಲ ಒರೆಸಿಹಾಕುತ್ತೀರಿ.

ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದೆ ಲಿಫ್ಟರ್ ನೇರ ಲೋಬ್ ಮೇಲೆ ಉಜ್ಜುವ ಬಗೆ) ಆದರೆ ಲಿಫ್ಟರ್‌ಗಳು ಹೊಸವೇ ಬೇಕು, ಹಳೇ ಲಿಫ್ಟರ್ ಹೊಸ ಲೋಬನ್ನು ತಿಂದುಹಾಕುತ್ತದೆ. ಸ್ಟಾರ್ಟ್ ಆದ ಕೂಡಲೇ 2,000–2,500 ಆರ್‌ಪಿಎಂಗೆ ಏರಿಸಿ, ಅದನ್ನೇ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ 20 ನಿಮಿಷ ಓಡಿಸಿ. ಐಡಲ್‌ಗೆ ಬಿಡಬೇಡಿ, ಏಕೆಂದರೆ ಲೋಬ್‌ಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದಲೇ. ಎಣ್ಣೆಯೂ ಜಿಂಕ್ ಜಾಸ್ತಿ ಇರುವ, ಹಳೇ ಎಂಜಿನ್‌ಗೆಂದೇ ಮಾಡಿದ್ದು ಇರಲಿ. ಈಗಿನ ಕಾರುಗಳ ಎಣ್ಣೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಅದನ್ನು ಕಡಿಮೆ ಮಾಡಿದ್ದಾರೆ.

20 ನಿಮಿಷ ಮುಗಿದ ಮೇಲೆ ಎಣ್ಣೆ ಇಳಿಸಿ, ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಲ್ಲಿ ನೋಡಿ. ಕಪ್ಪು ಪೇಸ್ಟ್ ಕಂಡರೆ ಚಿಂತೆ ಬೇಡ, ಅದು ಜೋಡಿಸುವಾಗ ಹಚ್ಚಿದ ಮೋಲಿ ಗ್ರೀಸು. ಹೊಳೆಯುವ ಪುಡಿ ಇದ್ದು ಅಯಸ್ಕಾಂತಕ್ಕೆ ಅಂಟಿದರೆ ಲೋಬ್ ಸವೆಯುತ್ತಿದೆ, ಎಂಜಿನ್ ಅಲ್ಲಿಗೇ ನಿಲ್ಲಿಸಿ ಮತ್ತೆ ಡಯಲ್ ಇಂಡಿಕೇಟರ್ ಹಿಡಿಯಿರಿ. ಪುಡಿ ಇಲ್ಲದಿದ್ದರೆ ಎಣ್ಣೆ ತುಂಬಿ, ಟೈಮಿಂಗ್ ಹೊಂದಿಸಿ, ಗೇಜ್ ಜೋಡಿಸಿ, ಡ್ರೈವ್‌ಗೆ ಹಾಕಿ ಓದಿ. ಶೆವೆಲ್‌ನಲ್ಲಿ 204/214 ಕೂತ ಮೇಲೆ ಡ್ರೈವ್‌ನಲ್ಲಿ 16 ಇಂಚು ಬಂತು, ಬ್ರೇಕ್ ಪೆಡಲ್ ಮೆತ್ತಗಾಯಿತು, ಕಾರ್ಬ್ಯುರೇಟರ್‌ಗೆ 65ರ ಪವರ್ ವಾಲ್ವೇ ಸರಿಹೋಯಿತು.